ಫೆಬ್ರವರಿಯ ಸೆರೆಂಗೆಟಿಯಲ್ಲಿ ವಿಲ್ಡೆಬೀಸ್ಟ್‌ಗಳು ನದಿ ದಾಟುವುದಿಲ್ಲ, ಕರು ಹಾಕುತ್ತವೆ

ಪ್ರಶ್ನೆ: ನಾವು ಮೈಸೂರಿನವರು. ನಾನು, ಹೆಂಡತಿ, 12 ವರ್ಷದ ಮಗಳು ಮತ್ತು 68 ವರ್ಷದ ಅಮ್ಮ ಫೆಬ್ರವರಿ ಮೊದಲ ವಾರ ಟಾಂಜಾನಿಯಾಕ್ಕೆ ಹೊರಟಿದ್ದೇವೆ. ಏಜೆಂಟರು ಕೊಟ್ಟ ಆರು ದಿನದ ಪಟ್ಟಿಯಲ್ಲಿ ತರಾಂಗಿರೆ, ಮನ್ಯಾರಾ, ಎನ್‌ಗೊರೊಂಗೊರೊ, ಸೆರೆಂಗೆಟಿಯ ಉತ್ತರದಲ್ಲಿರುವ ಮಾರಾ ನದಿ, ದನಗಾಹಿ ಮಾಸಾಯಿ ಜನರ ಒಂದು ಹಳ್ಳಿ, ಹಾಡ್ಜಾ ಬೇಟೆಗಾರರ ಜೊತೆ ಅರ್ಧ ದಿನ, ಇಷ್ಟೂ ಇವೆ. ಈ ಪಟ್ಟಿ ಸರಿಯೇ? ನಾವು ಸಸ್ಯಾಹಾರಿಗಳು, ಅಮ್ಮನಿಗೆ ಊಟ ಸಿಗುತ್ತದೆಯೇ? ಕೊನೆಯದು ಮಗಳ ಪ್ರಶ್ನೆ: ದುಡ್ಡು ಕೊಟ್ಟು ಇನ್ನೊಬ್ಬರ ಮನೆ ನೋಡಲು ಹೋಗುವುದು ತಪ್ಪಲ್ಲವೇ?

ಉತ್ತರ: ಮೊದಲು ಆ ಪಟ್ಟಿಯಿಂದ ಮಾರಾ ನದಿಯನ್ನು ಹೊಡೆದುಹಾಕಿ. ದನದ ಹಾಗೆ ಕಾಣುವ ದೊಡ್ಡ ಆಫ್ರಿಕನ್ ಜಿಂಕೆಗಳಾದ ವಿಲ್ಡೆಬೀಸ್ಟ್‌ಗಳು ಮೊಸಳೆಗಳ ನಡುವೆ ನದಿಗೆ ಧುಮುಕುವ ದೃಶ್ಯವನ್ನು ಟೀವಿಯಲ್ಲಿ ನೋಡಿದ ಎಲ್ಲರೂ ಅದನ್ನೇ ಕೇಳುತ್ತಾರೆ. ಅದು ಜುಲೈಯಿಂದ ಅಕ್ಟೋಬರ್‌ವರೆಗಿನ ಮಾತು. ಸುಮಾರು 13 ಲಕ್ಷ ವಿಲ್ಡೆಬೀಸ್ಟ್‌ಗಳು, ಜೊತೆಗೆ ಲಕ್ಷಗಟ್ಟಲೆ ಜೀಬ್ರಾ ಮತ್ತು ಗಜೆಲ್ ಜಿಂಕೆಗಳು ಮಳೆಯ ಹಿಂದೆ ವರ್ಷವಿಡೀ ಸುತ್ತು ಹಾಕುತ್ತವೆ. ಒಣಗಾಲದಲ್ಲಿ ಉತ್ತರದಲ್ಲಿರುವ ಹಿಂಡು ನವೆಂಬರಿನ ಸಣ್ಣ ಮಳೆ ಬಿದ್ದೊಡನೆ ದಕ್ಷಿಣಕ್ಕೆ ತಿರುಗುತ್ತದೆ. ನೀವು ಹೋಗುವ ಹೊತ್ತಿಗೆ ಅವೆಲ್ಲ ಎನ್‌ಡುಟು ಎಂಬ ದಕ್ಷಿಣದ ಬಯಲಿನಲ್ಲಿರುತ್ತವೆ. ಅಲ್ಲಿಂದ ಮಾರಾ ನದಿಗೆ ಹೋಗುವುದಕ್ಕೇ ಒಂದು ಪೂರ್ತಿ ದಿನ ಬೇಕು, ಬರುವುದಕ್ಕೆ ಇನ್ನೊಂದು. ಅಷ್ಟು ದೂರ ಹೋದರೆ ನೀರಾನೆ, ಮೊಸಳೆ ಕಾಣಬಹುದು, ಹಿಂಡು ಕಾಣುವುದಿಲ್ಲ.

ತರಾಂಗಿರೆಯನ್ನೂ ಬಿಡಿ. ಅದು ನನಗೆ ತುಂಬ ಪ್ರೀತಿಯ ಜಾಗ. ಅಲ್ಲಿನ ಬಾವೊಬಾಬ್ ಮರಗಳ ಕೆಳಗೆ ನಿಂತ ಆನೆ ಹಿಂಡನ್ನು ನೋಡಿದವರು ಮರೆಯುವುದಿಲ್ಲ. ಆದರೆ ಆನೆಗಳು ತರಾಂಗಿರೆ ನದಿಗೆ ಬಂದು ಸೇರುವುದು ಸುತ್ತಲಿನ ನೀರೆಲ್ಲ ಬತ್ತಿದ ಮೇಲೆ, ನಮ್ಮ ಕಬಿನಿ ಹಿನ್ನೀರಿಗೆ ಬೇಸಿಗೆಯಲ್ಲಿ ಬರುವ ಹಾಗೆಯೇ. ಫೆಬ್ರವರಿಯಲ್ಲಿ ಎಲ್ಲೆಡೆ ನೀರಿರುವುದರಿಂದ ಅವು ಉದ್ಯಾನದ ಗಡಿ ದಾಟಿ ಚದುರಿಹೋಗಿರುತ್ತವೆ. ಒಟ್ಟಿನಲ್ಲಿ ನಿಮ್ಮ ಕೈಯಲ್ಲಿರುವುದು ಆಗಸ್ಟಿನ ಪಟ್ಟಿ.

ಹಾಗಂತ ಫೆಬ್ರವರಿ ಕೆಟ್ಟ ತಿಂಗಳೆಂದು ಅಂದುಕೊಳ್ಳಬೇಡಿ. ಒಂದೇ ಸಲ ಹೋಗುವ ಅವಕಾಶವಿದ್ದರೆ ನಾನು ಆರಿಸಿಕೊಳ್ಳುವುದು ಇದೇ ತಿಂಗಳನ್ನು. ಜನವರಿ ಕೊನೆಯಿಂದ ಮಾರ್ಚ್ ಆರಂಭದವರೆಗೆ ಎನ್‌ಡುಟು ಬಯಲು ಒಂದು ದೊಡ್ಡ ಹೆರಿಗೆ ಮನೆ. ವರ್ಷದ ಕರುಗಳಲ್ಲಿ ಸುಮಾರು ಶೇಕಡ 80ರಷ್ಟು ಎರಡು ಮೂರು ವಾರಗಳಲ್ಲೇ ಹುಟ್ಟುತ್ತವೆ. ಸಿಂಹ, ಕತ್ತೆಕಿರುಬ, ಚೀತಾ ಎಷ್ಟೇ ತಿಂದರೂ ಇಷ್ಟೊಂದು ಕರುಗಳನ್ನು ಒಮ್ಮೆಲೇ ತಿಂದು ಮುಗಿಸಲಾರವು. ವಿಲ್ಡೆಬೀಸ್ಟ್ ಸಂತತಿ ಉಳಿದಿರುವುದೇ ಈ ಲೆಕ್ಕದ ಮೇಲೆ.

ಇದೇ ಬಯಲು ಏಕೆ ಎನ್ನುವುದಕ್ಕೆ ಕಾರಣ ಪೂರ್ವದ ದಿಗಂತದಾಚೆ ಇದೆ. ಓಲ್ ಡೊಯಿನ್ಯೊ ಲೆಂಗಾಯ್ ಎಂದರೆ ಮಾಸಾಯಿ ಮಾತಿನಲ್ಲಿ ದೇವರ ಬೆಟ್ಟ. ಅದು ಇಂದಿಗೂ ಜೀವಂತವಾಗಿರುವ ಜ್ವಾಲಾಮುಖಿ. ಅಲ್ಲಿಂದಲೂ ಅಕ್ಕಪಕ್ಕದ ಹಳೆಯ ಜ್ವಾಲಾಮುಖಿಗಳಿಂದಲೂ ಹಾರಿಬಂದ ಬೂದಿ ಸಾವಿರಾರು ವರ್ಷ ಈ ನೆಲದ ಮೇಲೆ ಬಿದ್ದು ಗಟ್ಟಿಯಾಗಿದೆ. ಅದರ ಕೆಳಗೆ ಬೇರು ಇಳಿಯದ್ದರಿಂದ ಮರ ಬೆಳೆಯುವುದಿಲ್ಲ, ಗಿಡ್ಡ ಹುಲ್ಲಷ್ಟೇ ಬೆಳೆಯುತ್ತದೆ. ಆ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಹೇರಳ, ಹಾಲೂಡುವ ತಾಯಿಗೆ ಬೇಕಾದದ್ದು ಅದೇ. ಹುಲ್ಲು ಗಿಡ್ಡವಾದ್ದರಿಂದ ಹೊಂಚು ಹಾಕುವ ಸಿಂಹವೂ ದೂರದಿಂದಲೇ ಕಾಣುತ್ತದೆ. ಕೊರತೆ ಒಂದೇ, ಶಾಶ್ವತ ನೀರಿಲ್ಲ. ಮಳೆ ನಿಂತ ಮೇಲೆ ಹಿಂಡು ಹೊರಡಲೇಬೇಕು.

ನಾನು ಮೂವತ್ತು ವರ್ಷ ಕರ್ನಾಟಕದ ಹಳ್ಳಿಗಳಲ್ಲಿ ಪಶುವೈದ್ಯನಾಗಿದ್ದವನು. ನಮ್ಮ ಹಸುವಿನ ಕರು ಎದ್ದು ನಿಲ್ಲಲು ಅರ್ಧ ಗಂಟೆಯಿಂದ ಒಂದು ಗಂಟೆ ತೆಗೆದುಕೊಂಡರೆ ಯಾರಿಗೂ ಆತಂಕವಾಗುವುದಿಲ್ಲ. ಎನ್‌ಡುಟುವಿನಲ್ಲಿ ಮೊದಲ ಸಲ ಹೆರಿಗೆ ನೋಡುವಾಗ ಕೈ ತಾನಾಗಿ ಗಡಿಯಾರದ ಕಡೆ ಹೋಯಿತು. ಮಾಸು ಇನ್ನೂ ತಾಯಿಯಿಂದ ನೇತಾಡುತ್ತಿತ್ತು, ಕರು ನಾಲ್ಕು ಸಲ ಬಿದ್ದು ಐದನೇ ಸಲ ನಿಂತಿತು. ಏಳು ನಿಮಿಷವೂ ಆಗಿರಲಿಲ್ಲ. ಸ್ವಲ್ಪ ಹೊತ್ತಿಗೆಲ್ಲ ತಾಯಿಯ ಹಿಂದೆ ಓಡುತ್ತಿತ್ತು. ನಿಮ್ಮ ಮಗಳು ಇದನ್ನು ಒಂದು ಸಲ ನೋಡಬೇಕು. ಅದಕ್ಕೆ ಒಂದೇ ಜಾಗದಲ್ಲಿ ತಾಳ್ಮೆಯಿಂದ ಕುಳಿತುಕೊಳ್ಳುವಷ್ಟು ದಿನ ಬೇಕು. ನಿಮ್ಮ ಪಟ್ಟಿಯಲ್ಲಿ ಇಲ್ಲದ್ದು ಅದೇ.

ಪಶುವೈದ್ಯನಿಗೆ ಆ ಬಯಲಿನಲ್ಲಿ ಇನ್ನೊಂದು ಕಥೆಯೂ ಕಾಣುತ್ತದೆ. 1890ರ ದಶಕದಲ್ಲಿ ರಿಂಡರ್‌ಪೆಸ್ಟ್, ಅಂದರೆ ನಮ್ಮ ಹಳ್ಳಿಗಳವರು ದೊಡ್ಡರೋಗ ಎನ್ನುತ್ತಿದ್ದ ಪಿಡುಗು, ಪೂರ್ವ ಆಫ್ರಿಕಾವನ್ನು ಹೊಕ್ಕಿತು. ಮಾಸಾಯಿಗಳ ದನಗಳು ಹೆಚ್ಚುಕಡಿಮೆ ಪೂರ್ತಿ ಸತ್ತವು, ಹಿಂದೆಯೇ ಕ್ಷಾಮ ಬಂದು ಜನರೂ ಸತ್ತರು. ವಿಲ್ಡೆಬೀಸ್ಟ್, ಕಾಡೆಮ್ಮೆಗಳನ್ನೂ ರೋಗ ಬಿಡಲಿಲ್ಲ. ಮುಂದಿನ ಹಲವು ದಶಕ ಅದು ಮತ್ತೆ ಮತ್ತೆ ಬಂದು ಎಳೆಯ ಕರುಗಳನ್ನು ಕೊಲ್ಲುತ್ತಲೇ ಇತ್ತು. 1960ರ ದಶಕದ ಆರಂಭದಲ್ಲಿ ಸೆರೆಂಗೆಟಿಯ ವಿಲ್ಡೆಬೀಸ್ಟ್‌ಗಳು ಸುಮಾರು ಎರಡೂವರೆ ಲಕ್ಷ ಮಾತ್ರ. ಸುತ್ತಲಿನ ಸಾಕುದನಗಳಿಗೆ ಲಸಿಕೆ ಹಾಕಿದ್ದೇ ಕಾಡಿನಲ್ಲೂ ರೋಗ ಮಾಯವಾಯಿತು, ಕಾಡುಪ್ರಾಣಿಗಳಿಗೆ ಯಾರೂ ಸೂಜಿ ಚುಚ್ಚಲಿಲ್ಲ. 1970ರ ದಶಕ ಮುಗಿಯುವಷ್ಟರಲ್ಲಿ ಹಿಂಡು ಐದು ಪಟ್ಟು ಬೆಳೆದಿತ್ತು. 2011ರಲ್ಲಿ ಈ ರೋಗ ಇಡೀ ಭೂಮಿಯಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾಯಿತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ದೊಡ್ಡರೋಗದ ಲಸಿಕೆ ಹೊತ್ತು ಕೊಟ್ಟಿಗೆಯಿಂದ ಕೊಟ್ಟಿಗೆಗೆ ನಡೆದವನು. ಎನ್‌ಡುಟುವಿನ ಹಿಂಡಿನ ಮುಂದೆ ನಿಂತಾಗ ಆ ದಿನಗಳೆಲ್ಲ ನೆನಪಾಗಿ ಗಂಟಲು ಕಟ್ಟಿತ್ತು.

ಈಗ ಮಗಳ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ ನಿಮ್ಮ ಪತ್ರದಲ್ಲಿ ಮುಖ್ಯವಾದದ್ದು ಅದೇ.

ಸೆರೆಂಗೆಟಿ ಎಂಬ ಹೆಸರೇ ಮಾಸಾಯಿಗಳದ್ದು. ನೆಲ ಕೊನೆಯಿಲ್ಲದೆ ಹರಡಿಕೊಳ್ಳುವ ಜಾಗ ಎನ್ನುವ ಅರ್ಥದ ಸಿರಿಂಗೆಟ್ ಎಂಬ ಮಾತಿನಿಂದ ಬಂದದ್ದು. ಅದು ಯಾರೂ ಇಲ್ಲದ ಕಾಡಾಗಿರಲಿಲ್ಲ, ದನ ಕಾಯುವವರ ಗೋಮಾಳವಾಗಿತ್ತು. 1951ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 1959ರಲ್ಲಿ ಬ್ರಿಟಿಷ್ ಆಡಳಿತ ಅಲ್ಲಿದ್ದ ಮಾಸಾಯಿಗಳನ್ನು ಹೊರಗೆ ಕಳಿಸಿ, ಪಕ್ಕದ ಎನ್‌ಗೊರೊಂಗೊರೊವನ್ನು ಬೇರೆ ಮಾಡಿ, ಇಲ್ಲಿ ಜನ, ದನ, ಕಾಡುಪ್ರಾಣಿ ಮೂರೂ ಇರಬಹುದು ಎಂದು ಮಾತು ಕೊಟ್ಟಿತು. ಆಗ ಸುಮಾರು 8,000 ಇದ್ದ ಜನಸಂಖ್ಯೆ ಈಗ ಲಕ್ಷದ ಹತ್ತಿರ ಬಂದಿದೆ. ಇಷ್ಟು ಜನ, ದನಗಳನ್ನು ಆ ನೆಲ ತಾಳದು ಎನ್ನುತ್ತದೆ ಸರ್ಕಾರ. 2022ರಿಂದ ನೂರಾರು ಕಿಲೋಮೀಟರ್ ದೂರದ ಹಂಡೇನಿ ಜಿಲ್ಲೆಯ ಮ್ಸೊಮೆರಾಕ್ಕೆ ಕುಟುಂಬಗಳನ್ನು ಸ್ಥಳಾಂತರಿಸುತ್ತಿದೆ. ನಮ್ಮ ಒಪ್ಪಿಗೆಯಿಲ್ಲ, ಶಾಲೆ ಆಸ್ಪತ್ರೆಗಳನ್ನು ಸೊರಗಿಸಿ ಹೊರಡುವಂತೆ ಮಾಡುತ್ತಿದ್ದಾರೆ ಎನ್ನುವುದು ಅನೇಕ ಮಾಸಾಯಿಗಳ ದೂರು. ಅದೇ ವರ್ಷ ಜೂನ್‌ನಲ್ಲಿ ಉತ್ತರದ ಲೊಲಿಯೊಂಡೊದಲ್ಲಿ ಗಡಿಕಲ್ಲು ನೆಡುವಾಗ ಘರ್ಷಣೆಯಾಗಿ ಒಬ್ಬ ಪೊಲೀಸ್ ಸತ್ತರು, ಹಲವು ಮಾಸಾಯಿಗಳು ಗಾಯಗೊಂಡರು. 2024ರ ಆಗಸ್ಟ್‌ನಲ್ಲಿ ಸಾವಿರಾರು ಜನ ಎನ್‌ಗೊರೊಂಗೊರೊದ ರಸ್ತೆಗೆ ಇಳಿದು ಸಫಾರಿ ವಾಹನಗಳನ್ನೇ ತಡೆದರು. ನೀವು ಹೋಗುವುದೂ ಅದೇ ರಸ್ತೆಯಲ್ಲಿ.

ದನ ಮತ್ತು ಕಾಡುಪ್ರಾಣಿ ಒಟ್ಟಿಗೆ ಬಾಳಲಾರವು ಎಂದು ಯಾರಾದರೂ ಹೇಳಿದರೆ ಮಗಳಿಗೆ ಒಂದು ಸಂಗತಿ ಹೇಳಿ. ವಿಲ್ಡೆಬೀಸ್ಟ್ ಕರುಗಳ ಮೂಗಿನ, ಕಣ್ಣಿನ ಸ್ರಾವದಲ್ಲಿ ಒಂದು ವೈರಸ್ ಇರುತ್ತದೆ. ಅವುಗಳಿಗೆ ಅದರಿಂದ ತೊಂದರೆಯಿಲ್ಲ, ದನಕ್ಕೆ ತಗುಲಿದರೆ ಬದುಕುವುದು ಅಪರೂಪ. ವೈರಸ್ಸಿನ ಹೆಸರು ಗೊತ್ತಾಗುವುದಕ್ಕೆ ಎಷ್ಟೋ ಮೊದಲೇ ಮಾಸಾಯಿಗಳಿಗೆ ಈ ಸಂಬಂಧ ಗೊತ್ತಿತ್ತು. ಅದಕ್ಕೇ ಹೆರಿಗೆಯ ತಿಂಗಳುಗಳಲ್ಲಿ ವರ್ಷದ ಅತ್ಯುತ್ತಮ ಹುಲ್ಲನ್ನು ವಿಲ್ಡೆಬೀಸ್ಟ್‌ಗಳಿಗೆ ಬಿಟ್ಟುಕೊಟ್ಟು ದನಗಳನ್ನು ಎತ್ತರದ ಜಾಗಗಳಿಗೆ ಹೊಡೆದುಕೊಂಡು ಹೋಗುತ್ತಾರೆ. ಫೆಬ್ರವರಿಯಲ್ಲಿ ನಿಮಗೆ ಬಯಲಿನಲ್ಲಿ ದನ ಕಡಿಮೆ ಕಂಡು ಎನ್‌ಗೊರೊಂಗೊರೊದ ಇಳಿಜಾರುಗಳಲ್ಲಿ ಹೆಚ್ಚು ಕಂಡರೆ ಕಾರಣ ಇದು. ದನಗಳಿಗೆ ಮೇಲೆ ಹುಲ್ಲಿದ್ದಾಗ ಮಾತ್ರ ಈ ಹೊಂದಾಣಿಕೆ ನಡೆಯುತ್ತದೆ. ಮೇಯುವ ಜಾಗ ಒಂದೊಂದಾಗಿ ಮುಚ್ಚುತ್ತ ಬಂದರೆ ಕುಟುಂಬದ ಮುಂದೆ ಉಳಿಯುವುದು ರೋಗದ ಬಯಲು, ಇಲ್ಲವೇ ಬರಿಗೈ.

ಆದ್ದರಿಂದ ಮಾಸಾಯಿಗಳನ್ನು ಭೇಟಿಯಾಗುವುದು ತಪ್ಪಲ್ಲ. ಅವರನ್ನು ನೋಡದೆ ಪ್ರಾಣಿಗಳನ್ನು ಮಾತ್ರ ನೋಡಿ ಬರುವುದೇ ಅರೆಬರೆ ಪ್ರಯಾಣ. ತಪ್ಪು ಇರುವುದು ರೀತಿಯಲ್ಲಿ. ರಸ್ತೆ ಬದಿಯ ಹಟ್ಟಿಯಲ್ಲಿ ವಾಹನ ನಿಂತೊಡನೆ ಸಾಲಾಗಿ ಜಿಗಿದು ಕುಣಿದು, ಗುಡಿಸಿಲೊಳಗೆ ಐದು ನಿಮಿಷ ಕೂರಿಸಿ, ಮಣಿಸರ ಮುಂದೆ ಹಿಡಿದು, ಮಕ್ಕಳ ಶಾಲೆ ತೋರಿಸಿ ಹುಂಡಿ ತೋರಿಸುವ ಕಾರ್ಯಕ್ರಮ ಇಬ್ಬರಿಗೂ ಮುಜುಗರ. ಅಲ್ಲಿ ಕೊಟ್ಟ ಹಣ ಹಟ್ಟಿಗೆಲ್ಲ ಹಂಚಿಹೋಗುತ್ತದೆಯೇ, ಒಬ್ಬಿಬ್ಬರ ಜೇಬಿಗೋ ಎಂದು ಹೊರಡುವ ಮೊದಲೇ ಏಜೆಂಟರನ್ನು ನೇರವಾಗಿ ಕೇಳಿ. ಸ್ಪಷ್ಟ ಉತ್ತರ ಬಾರದಿದ್ದರೆ ಬೇಡ. ಪಾಠದ ಹೊತ್ತಿನಲ್ಲಿ ತರಗತಿಗೆ ನುಗ್ಗುವುದಂತೂ ಬೇಡವೇ ಬೇಡ. ಚಾಕೊಲೇಟ್, ಪೆನ್ ಹಂಚುವುದೂ ಬೇಡ. ನಮ್ಮ ಮಕ್ಕಳ ಶಾಲೆಗೆ ದಿನಕ್ಕೆ ನಾಲ್ಕು ಜೀಪು ಅಪರಿಚಿತರು ಬಂದರೆ ನಾವು ಸುಮ್ಮನಿರುತ್ತಿದ್ದೆವೇ? ಮಣಿಯ ಕೆಲಸ ಕೊಳ್ಳುವುದಾದರೆ ಅದನ್ನು ಪೋಣಿಸಿದ ಹೆಂಗಸಿನ ಕೈಗೇ ದುಡ್ಡು ಕೊಡಿ.

ನನ್ನ ಸಲಹೆ ಮನ್ಯಾರಾ ಸರೋವರದ ಪಕ್ಕದ ಮ್ತೊ ವಾ ಮ್ಬು ಎಂಬ ಪುಟ್ಟ ಪಟ್ಟಣ. ಹೆಸರಿನ ಅರ್ಥ ಸೊಳ್ಳೆಗಳ ಹೊಳೆ, ಸಂಜೆ ತುಂಬು ತೋಳಿನ ಅಂಗಿ ತೊಡಿ. ನೀರಾವರಿ ಬಂದ ಮೇಲೆ ದೇಶದ ಹತ್ತಾರು ಜನಾಂಗಗಳವರು ಬಂದು ನೆಲೆಸಿದ ಊರದು. ಸ್ಥಳೀಯರೇ ನಡೆಸುವ ಕಾರ್ಯಕ್ರಮದಲ್ಲಿ ಊರಿನ ಹುಡುಗರೋ ಹುಡುಗಿಯರೋ ನಿಮ್ಮನ್ನು ಬಾಳೆತೋಟ, ಭತ್ತದ ಗದ್ದೆಗಳ ನಡುವೆ ನಡೆಸಿಕೊಂಡು ಹೋಗಿ ಒಂದು ಮನೆಯಲ್ಲಿ ಊಟ ಹಾಕಿಸುತ್ತಾರೆ. ನಿಮಗೆ ಗದ್ದೆ ಹೊಸದಲ್ಲ, ಆದ್ದರಿಂದ ನಿಮ್ಮ ಪ್ರಶ್ನೆಗಳು ಅವರಿಗೆ ಹೊಸದಾಗಿರುತ್ತವೆ. ಅಮ್ಮ ಅಲ್ಲಿ ಬಾಳೆಯ ತಳಿಗಳ ಬಗ್ಗೆ ಮಾತಾಡುತ್ತ ಕುಳಿತುಬಿಡಬಹುದು.

ಈ ಪ್ರದೇಶದ ಇನ್ನೊಂದು ಅಚ್ಚರಿಯನ್ನೂ ಮಗಳಿಗೆ ತಿಳಿಸಿ. ಮನ್ಯಾರಾದಿಂದ ಏಯಾಸಿ ಸರೋವರದವರೆಗಿನ ಸಣ್ಣ ತುಣುಕಿನಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಭಾಷೆಗಳು ಅಕ್ಕಪಕ್ಕ ಬದುಕಿವೆ. ಸ್ವಾಹಿಲಿ ಬಂಟು ಕುಟುಂಬದ್ದು, ಮಾಸಾಯಿ ಮತ್ತು ದಾತೋಗಾ ನೈಲೋಟಿಕ್, ಕರಟು ಪಟ್ಟಣದ ಸುತ್ತಲಿನ ಇರಾಕ್ವ ರೈತರದ್ದು ಕುಶಿಟಿಕ್. ನಾಲಿಗೆಯಲ್ಲಿ ಲೊಚಗುಟ್ಟುವ ಸದ್ದುಗಳನ್ನೇ ವ್ಯಂಜನ ಮಾಡಿಕೊಂಡ ಹಾಡ್ಜಾ ಭಾಷೆ ಯಾರ ನೆಂಟನೂ ಅಲ್ಲ.

ಹಾಡ್ಜಾಗಳ ಭೇಟಿಯನ್ನು ಮಾತ್ರ ಈ ಸಲ ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ. ಅವರು ಇರುವುದೇ ಸಾವಿರದ ಆಸುಪಾಸು ಜನ. ಜೇನು, ಗೆಡ್ಡೆ, ಬಾವೊಬಾಬ್ ಹಣ್ಣು, ಬೇಟೆಗಳನ್ನು ನಂಬಿದ ಬದುಕು. ಜೇನು ತೋರಿಸುವ ಹಕ್ಕಿಯನ್ನು ಸಿಳ್ಳೆ ಹಾಕಿ ಕರೆದು, ಅದರ ಹಿಂದೆ ನಡೆದು ಗೂಡು ಹಿಡಿಯುವ ಜಾಣ್ಮೆ ಅವರದ್ದು. ಪ್ರವಾಸಿಗರ ನಗದು ಬಂದ ಕಡೆ ಹೆಂಡವೂ ಹಿಂದೆಯೇ ಬಂದಿದೆ. ಬೆಳಗಿನ ಎರಡು ಗಂಟೆ ಕ್ಯಾಮರಾ ಮುಂದೆ ಬೇಟೆಯಾಡಿಸುವುದರಿಂದ ಅವರಿಗೂ ಕಾಡಿಗೂ ಒಳಿತಿಲ್ಲ. ನಾಗರಹೊಳೆಯಿಂದ ಹೊರಬಿದ್ದ ಜೇನುಕುರುಬರ ಹಾಡಿಗಳ ಕಷ್ಟ ಮೈಸೂರಿನವರಾದ ನಿಮಗೆ ನಾನು ಹೇಳಬೇಕಿಲ್ಲ. ಸಮಾಧಾನದ ಸುದ್ದಿಯೆಂದರೆ 2011ರಲ್ಲಿ ಯಾಯೆಡಾ ಕಣಿವೆಯ ಸುಮಾರು 20,000 ಹೆಕ್ಟೇರ್ ನೆಲದ ಮೇಲೆ ಹಾಡ್ಜಾ ಸಮುದಾಯಕ್ಕೆ ಸಾಮೂಹಿಕ ಹಕ್ಕುಪತ್ರ ಸಿಕ್ಕಿದೆ.

ಹಾಗಾದರೆ ಆರು ದಿನ ಹೇಗೆ? ಅರೂಷಾ ನಗರದಿಂದ ಹೊರಟು ಮೊದಲ ರಾತ್ರಿ ಮ್ತೊ ವಾ ಮ್ಬು. ಎರಡನೇ ದಿನ ಎನ್‌ಗೊರೊಂಗೊರೊ ಏರಿ ಇಳಿದು, ದಾರಿಯಲ್ಲಿ ಆದಿಮಾನವರ ಪಳೆಯುಳಿಕೆ ಸಿಕ್ಕ ಓಲ್ಡುಪಾಯ್ ಕಮರಿಯ ಮ್ಯೂಸಿಯಂ ನೋಡಿ, ಸಂಜೆಗೆ ಎನ್‌ಡುಟು. ಅಲ್ಲಿ ಮೂರು ರಾತ್ರಿ, ಒಂದನ್ನೂ ಕಡಿಮೆ ಮಾಡಬೇಡಿ. ಐದನೇ ರಾತ್ರಿ ಕರಟು. ಆರನೇ ದಿನ ಬೆಳಕು ಹರಿಯುವಾಗ ಎನ್‌ಗೊರೊಂಗೊರೊ ಕುಳಿಗೆ ಇಳಿದು, ಮಧ್ಯಾಹ್ನ ಮೇಲೆ ಬಂದು ಅರೂಷಾ. ಹಳೆಯ ಜ್ವಾಲಾಮುಖಿ ಕುಸಿದು ಆದ ಆ ಕುಳಿ ಸುಮಾರು 600 ಮೀಟರ್ ಆಳ, 260 ಚದರ ಕಿಲೋಮೀಟರ್ ತಳ. ಕಪ್ಪು ಘೇಂಡಾಮೃಗ ಕಾಣುವ ಸಾಧ್ಯತೆ ನಿಮಗಿರುವುದು ಅಲ್ಲಿಯೇ. ಕುಳಿಗೆ ಇಳಿಯಲು ಪ್ರತಿ ವಾಹನಕ್ಕೆ ತೆರಿಗೆ ಸೇರಿ 295 ಡಾಲರ್ ಬೇರೆಯೇ ಇದೆ. ಏಜೆಂಟರ ಬೆಲೆಯಲ್ಲಿ ಅದು ಸೇರಿದೆಯೇ ನೋಡಿಕೊಳ್ಳಿ.

ಅಮ್ಮನ ಸೊಂಟದ ಬಗ್ಗೆ ಒಂದು ಮಾತು. ಎನ್‌ಗೊರೊಂಗೊರೊದ ಲೊಡೊವಾರೆ ಗೇಟಿನಲ್ಲಿ ಡಾಂಬರು ಮುಗಿಯುತ್ತದೆ. ಮುಂದಿನದ್ದು ಧೂಳಿನ, ಅಲುಗಾಟದ ದಾರಿ. ಅವರನ್ನು ಮಧ್ಯದ ಸಾಲಿನಲ್ಲಿ ಕೂರಿಸಿ, ಚಕ್ರದ ಮೇಲಿನ ಕೊನೆಯ ಸಾಲು ಬೇಡ. ಕುಳಿಯ ಅಂಚು 2,300 ಮೀಟರ್ ಎತ್ತರದಲ್ಲಿದೆ, ಬೆಳಿಗ್ಗೆ ಮಡಿಕೇರಿಯ ಜನವರಿಗಿಂತ ಹೆಚ್ಚು ಚಳಿ. ಸ್ವೆಟರ್, ಶಾಲು ಎರಡೂ ಇರಲಿ. ಕಡುನೀಲಿ ಮತ್ತು ಕಪ್ಪು ಬಟ್ಟೆ ಬಿಟ್ಟುಬನ್ನಿ. ತ್ಸೆತ್ಸೆ ನೊಣ ಆ ಬಣ್ಣಗಳಿಗೇ ಮುತ್ತುತ್ತದೆ, ಅದರ ಕಡಿತ ಬಟ್ಟೆಯ ಮೇಲಿಂದಲೂ ತಾಗುತ್ತದೆ.

ಎನ್‌ಡುಟುವಿನಲ್ಲಿ ವಾಹನಗಳು ರಸ್ತೆ ಬಿಟ್ಟು ಬಯಲಿಗೆ ಇಳಿಯಬಹುದು, ಸೆರೆಂಗೆಟಿ ಉದ್ಯಾನದೊಳಗೆ ಹಾಗಿಲ್ಲ. ಇದರಿಂದ ಕಷ್ಟಪಡುವುದು ಚೀತಾ. ಅದು ಹಗಲು ಬೇಟೆಗಾರ. ಮರಿಗಳಿರುವ ತಾಯಿಯ ಸುತ್ತ ಹತ್ತು ಹದಿನೈದು ವಾಹನ ನಿಂತರೆ ಅದರ ಬೇಟೆ ತಪ್ಪುತ್ತದೆ, ಮರಿಗಳು ಉಪವಾಸ ಬೀಳುತ್ತವೆ. ಚಾಲಕರು ಹತ್ತಿರ ಒಯ್ಯುವುದು ನಿಮ್ಮನ್ನು ಮೆಚ್ಚಿಸಲು. ದೂರವೇ ನಿಲ್ಲಿಸಿ, ನಮಗೆ ದುರ್ಬೀನು ಸಾಕು ಎಂದು ಮೊದಲ ದಿನವೇ ಹೇಳಿಬಿಡಿ, ಅವರಿಗೂ ನಿರಾಳವಾಗುತ್ತದೆ.

ಊಟದ ಚಿಂತೆ ಬೇಡ. ಚಪಾತಿ ಅಲ್ಲಿ ಚಪಾತಿಯೇ, ಚಹಾ ಚಾಯ್, ಸಮೋಸ ಸಂಬೂಸಾ (ಒಳಗೆ ಮಾಂಸವಿರಬಹುದು, ಕೇಳಿ). ಹಿಂದೂ ಮಹಾಸಾಗರದ ವ್ಯಾಪಾರ, ಗುಜರಾತಿ ಅಂಗಡಿಗಳ ಮೂಲಕ ಹೋದ ಮಾತುಗಳಿವು. ಅಂಗಡಿಗೆ ದುಕಾ, ವಾಹನಕ್ಕೆ ಗಾರಿ, ವಿಮೆಗೆ ಬೀಮಾ ಎನ್ನುತ್ತಾರೆ. ಸಂತೆಯಲ್ಲಿ ಯಾರಾದರೂ ಲಾಕಿ ಮೋಜಾ ಎಂದರೆ ಬೆಚ್ಚಬೇಡಿ, ಅದು ನಮ್ಮ ಒಂದು ಲಕ್ಷವೇ, ಆದರೆ ಶಿಲ್ಲಿಂಗ್, ಸುಮಾರು 40 ಡಾಲರ್. ಉಗಾಲಿ ಎಂದರೆ ಮೆಕ್ಕೆಜೋಳದ ಹಿಟ್ಟಿನ ಬಿಳಿ ಮುದ್ದೆ, ಜೊತೆಗೆ ದಂಟಿನ ಸೊಪ್ಪಿನ ಮ್ಚಿಚಾ, ತೆಂಗಿನ ಹಾಲಿನಲ್ಲಿ ಬೇಯಿಸಿದ ರಾಜ್ಮಾ ಕಾಳಿನ ಮಹರಾಗೆ. ಸಸ್ಯಾಹಾರಿ ಎಂದಷ್ಟೇ ಹೇಳಿದರೆ ಮೀನು, ಕೋಳಿ ಸಾರು ಬಂದೀತು. ಮಾಂಸ, ಮೀನು, ಕೋಳಿ, ಮೊಟ್ಟೆ ಯಾವುದೂ ಬೇಡವೆಂದು ಒಂದೊಂದಾಗಿ ಬರೆದು ಕಳಿಸಿ.

ಅಮ್ಮನಿಗೆ ತುಂಬ ಹಿಡಿಸುವುದು ಬೇರೊಂದಿದೆ. ಬೆಳಿಗ್ಗೆ ಊಜಿ ವಾ ಉಲೇಜಿ ಕೇಳಿ. ಉಲೇಜಿ ಎಂದರೆ ರಾಗಿ, ಊಜಿ ಎಂದರೆ ಅಂಬಲಿ. ರಾಗಿ ಮೊದಲು ಬೆಳೆಯಾಗಿ ಪಳಗಿದ್ದು ಪೂರ್ವ ಆಫ್ರಿಕಾದ ಎತ್ತರದ ನೆಲದಲ್ಲಿ, ನಮ್ಮಲ್ಲಿಗೆ ಬಂದದ್ದು ಅಲ್ಲಿಂದ. ಕಿಲಿಮಂಜಾರೋ ತಪ್ಪಲಿನ ಚಗ್ಗಾ ಜನ ಬಾಳೆಹಣ್ಣು ಮತ್ತು ರಾಗಿಯಿಂದ ಮ್ಬೆಗೆ ಎಂಬ ಪಾನೀಯ ಹುದುಗಿಸುತ್ತಾರೆ. ಆ ಬಾಳೆ ಆಗ್ನೇಯ ಏಷ್ಯಾದ ಕಡೆಯಿಂದ ಕಡಲು ದಾಟಿ ಅಲ್ಲಿಗೆ ಹೋದದ್ದು. ನಾನು ಅಲ್ಲಿನ ಒಬ್ಬ ಅಜ್ಜಿಗೆ ನಮ್ಮ ಊರಿನಲ್ಲೂ ಇದೇ ಕಾಳು ಎಂದಾಗ ನಂಬದೆ, ಮೊರದಲ್ಲಿ ರಾಗಿ ತಂದು ನನ್ನಿಂದ ಕೇರಿಸಿದರು. ಕೇರಿದ ಮೇಲೆ ನಂಬಿದರು.

ಆರೋಗ್ಯದ ವಿಷಯದಲ್ಲಿ ಸಡಿಲ ಬೇಡ. ಬೆಂಗಳೂರಿನಿಂದ ನೇರ ವಿಮಾನವಿಲ್ಲ, ನೈರೋಬಿ ಅಥವಾ ಅಡಿಸ್ ಅಬಾಬಾ ಮೂಲಕ ಹೋಗುವವರೇ ಹೆಚ್ಚು. ಕೀನ್ಯಾ, ಇಥಿಯೋಪಿಯಾ ಎರಡೂ ಹಳದಿ ಜ್ವರದ ಅಪಾಯವಿರುವ ದೇಶಗಳು, ನಮ್ಮ ವಿಮಾನ ನಿಲ್ದಾಣಗಳಲ್ಲಿ ಇದರ ತಪಾಸಣೆ ಕಟ್ಟುನಿಟ್ಟು. ಲಸಿಕೆ ಹಾಕಿಸಿದ ಹತ್ತು ದಿನಗಳ ನಂತರವೇ ಪ್ರಮಾಣಪತ್ರ ಊರ್ಜಿತ, ಆಮೇಲೆ ಜೀವನಪೂರ್ತಿ ನಡೆಯುತ್ತದೆ. ಸರ್ಕಾರ ಮಾನ್ಯ ಮಾಡಿದ ಕೇಂದ್ರದಲ್ಲಿ ಜನವರಿ ಮೊದಲ ಅರ್ಧದಲ್ಲೇ ಮುಗಿಸಿ. 60 ದಾಟಿದವರಿಗೆ ಈ ಲಸಿಕೆ ಕೊಡುವ ಮೊದಲು ವೈದ್ಯರು ಎರಡು ಸಲ ಯೋಚಿಸುತ್ತಾರೆ, ಆದ್ದರಿಂದ ಅಮ್ಮನ ವಿಷಯ ಅವರ ಬಳಿ ಮೊದಲೇ ಮಾತಾಡಿ. ಅಗತ್ಯಬಿದ್ದರೆ ವೈದ್ಯಕೀಯ ವಿನಾಯಿತಿ ಪತ್ರ ಪಡೆಯಿರಿ, ಇಲ್ಲವೇ ದೋಹಾ ಮೂಲಕದ ದಾರಿ ನೋಡಿ. ಮಲೇರಿಯಾ ಮಾತ್ರೆಯನ್ನೂ ಅವರಲ್ಲೇ ಕೇಳಿ. ಪ್ಲಾಸ್ಟಿಕ್ ಕೈಚೀಲಗಳನ್ನು ಟಾಂಜಾನಿಯಾ 2019ರ ಜೂನ್‌ನಿಂದ ನಿಷೇಧಿಸಿದೆ, ತಿಂಡಿಯನ್ನು ಬಟ್ಟೆ ಚೀಲದಲ್ಲಿ ಕಟ್ಟಿ.

ಇನ್ನು ಮಾತು. ನೂರಿಪ್ಪತ್ತಕ್ಕೂ ಹೆಚ್ಚು ಜನಾಂಗಗಳನ್ನು ಸ್ವಾಹಿಲಿಯಲ್ಲಿ ಒಂದುಗೂಡಿಸಿದ ದೇಶವದು. ಅದರ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆಯನ್ನು ಜನ ಇಂದಿಗೂ ಮ್ವಾಲಿಮು, ಅಂದರೆ ಮೇಷ್ಟ್ರು ಎಂದೇ ಕರೆಯುತ್ತಾರೆ. ಅಲ್ಲಿ ಕುಶಲ ಕೇಳದೆ ಕೆಲಸದ ಮಾತಿಗೆ ಇಳಿಯುವುದು ಒರಟುತನ. ಹಬಾರಿ ಎಂದರೆ ಏನು ಸಮಾಚಾರ, ಅದಕ್ಕೆ ಉತ್ತರ ನ್ಜೂರಿ. ಧನ್ಯವಾದಕ್ಕೆ ಅಸಾಂತೆ. ಯಾರದೇ ಫೋಟೋ ತೆಗೆಯುವ ಮೊದಲು ಇಷ್ಟಾದರೂ ಆಡಿ, ಆಮೇಲೆ ಕೇಳಿ, ಬೇಡವೆಂದರೆ ಕ್ಯಾಮರಾ ಇಳಿಸಿ. ಮಗಳು ಹಿರಿಯರನ್ನು ಕಂಡಾಗ ಶಿಕಾಮೂ ಎನ್ನಬೇಕು, ನಮ್ಮಲ್ಲಿ ಕಾಲಿಗೆ ಬಿದ್ದಂತೆ ಅದು. ಇದೇ ಶಿಕಾಮೂವನ್ನು ಚಾಲಕರು, ಅಡುಗೆಯವರು, ಬೀದಿಯ ಮಕ್ಕಳು ಎಲ್ಲರೂ ನಿಮ್ಮ ಅಮ್ಮನಿಗೆ ದಿನಕ್ಕೆ ಹತ್ತು ಸಲ ಹೇಳುತ್ತಾರೆ, ಉತ್ತರಕ್ಕಾಗಿ ನಿಂತು ಕಾಯುತ್ತಾರೆ. ಆ ಉತ್ತರ ಮರಹಬಾ. ಹೊರಡುವ ಮೊದಲೇ ಅವರಿಗೆ ಬಾಯಿಪಾಠ ಮಾಡಿಸಿ.